ಅವರೆಕಾಯಿ ಬಿಡಿಸುವಾಗಿನ ಮಾತು

(ಎರಡು ವರ್ಷ ಮೂರು ತಿಂಗಳ ಮೊಮ್ಮಗ ಫೋನಿನ ಹಾಡು ಕೇಳಿ ಬಣ್ಣಗಳ ಇಂಗ್ಲಿಷ್ ಹೆಸರು ಹೇಳುತ್ತಾನೆ, ನೀರು ಬೇಕಾದರೆ ಮಾತ್ರ ಸುಮ್ಮನೆ ಕೈ ಹಿಡಿದು ಎಳೆಯುತ್ತಾನೆ. ಎರಡು ಭಾಷೆಯಿಂದ ಗೊಂದಲವಾದೀತೆಂದು ಮಗ, ಸೊಸೆ ಹೇಳಿದ್ದರಿಂದ ಅವನೊಡನೆ ಕನ್ನಡ ಮಾತನಾಡುವುದನ್ನೇ ಕಡಿಮೆ ಮಾಡಿದ್ದೇನೆ, ಇದು ಸರಿಯೇ ಎಂದು ತುಮಕೂರಿನ ಅಜ್ಜಿಯೊಬ್ಬರು ಕೇಳಿದ್ದಾರೆ.)

ಮಾನ್ಯರೇ,

ತಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಮೊಮ್ಮಗನ ಮೌನಕ್ಕಿಂತ ತಮ್ಮ ಮೌನ. ಎರಡು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಶಾಲೆಯಲ್ಲಿ ಕನ್ನಡ ಕಲಿತ ಕರಾವಳಿಯ ಮಕ್ಕಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫೋನಿನ ವಿಷಯ ಬೇರೆ. ಅಮೆರಿಕದ ವಿಜ್ಞಾನಿ ಪ್ಯಾಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚೀನೀ ಭಾಷೆಯವರು ಎದುರಿಗೇ ಕುಳಿತು 12 ಸಲ ಆಟವಾಡಿಸಿದ ಒಂಬತ್ತು ತಿಂಗಳ ಕೂಸುಗಳು ಆ ಭಾಷೆಯ ಧ್ವನಿಗಳ ವ್ಯತ್ಯಾಸವನ್ನು ಗುರುತಿಸಲು ಕಲಿತವು. ಅದೇ ಜನರನ್ನು ಅಷ್ಟೇ ಹೊತ್ತು ಪರದೆಯ ಮೇಲೆ ನೋಡಿದ ಕೂಸುಗಳು ಕಲಿಯಲಿಲ್ಲ. ಪರದೆ ಮಾತನಾಡುತ್ತದೆಯೇ ಹೊರತು ಮಗುವಿನ ಮಾತಿಗೆ ಕಾಯುವುದಿಲ್ಲ. ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ನಿಮ್ಮ ಕಡೆ ಈಗ ಅವರೆಯ ಕಾಲ. ಕಾಯಿ ಬಿಡಿಸಲು ಕುಳಿತಾಗ ಅವನನ್ನೂ ಎದುರಿಗೆ ಕೂರಿಸಿಕೊಳ್ಳಿ. ‘ಕಾಳು ಮೊರಕ್ಕೆ ಹಾಕು’, ‘ಮೊರದಲ್ಲಿ ಎಷ್ಟಿದೆ ನೋಡು’, ‘ಮೊರದಿಂದ ಒಂದು ಕೊಡು’ ಎಂದು ತಾವು ಹೇಳುತ್ತಿದ್ದರೆ, ಮುಂದೆ ಶಾಲೆಯಲ್ಲಿ ವಿಭಕ್ತಿ ಪ್ರತ್ಯಯವೆಂದು ಬಾಯಿಪಾಠ ಮಾಡಿಸುವುದನ್ನು ಅವನು ಕೈಯಾಡಿಸುತ್ತಲೇ ಕಲಿಯುತ್ತಾನೆ. ಸೊಗಡನ್ನು ಮೂಸಿ ನೋಡಲಿ. ಕಾಯಿಯೊಳಗೆ ಹುಳ ಕಂಡು ಅವನು ‘ಹುವ’ ಎಂದರೆ ತಿದ್ದಬೇಡಿ. ‘ಹೌದಲ್ಲ, ಹಸಿರು ಹುಳ! ಎಲ್ಲಿಗೆ ಹೊರಟಿದೆ?’ ಎಂದು ಕೇಳಿ ಸುಮ್ಮನಾಗಿ. ಹೀಗೆ ಸುಮ್ಮನಾಗುವುದೇ ನಮ್ಮಂಥ ಹಿರಿಯರಿಗೆ ಕಷ್ಟ. ಪ್ರಶ್ನೆ ಕೇಳಿ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಅವನು ಬೆರಳು ತೋರಿಸಿದರೂ ಅದನ್ನು ಉತ್ತರವೆಂದೇ ಹಿಡಿದು ಮಾತು ಮುಂದುವರಿಸಿ.

ಪುಸ್ತಕಕ್ಕೂ ಇದೇ ಕ್ರಮ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಅವರ ತಂಡ 1988ರಲ್ಲಿ ತೋರಿಸಿದಂತೆ, ಓದಿ ಮುಗಿಸುವುದರ ಬದಲು ನಡುನಡುವೆ ಕೇಳುತ್ತ, ಮಗು ಹೇಳಿದ್ದಕ್ಕೆ ಒಂದೆರಡು ಪದ ಸೇರಿಸುತ್ತ ಹೋದರೆ ಒಂದೇ ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ದುಬಾರಿ ಪುಸ್ತಕ ಬೇಕಾಗಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ತೆಳ್ಳನೆಯ ಚಿತ್ರಪುಸ್ತಕಗಳು ಸಾಕು. ಒಂದೇ ಪುಸ್ತಕವನ್ನು ಇಪ್ಪತ್ತು ಸಲ ತಂದುಕೊಟ್ಟರೂ ಬೇಸರಿಸಬೇಡಿ.

ಇಷ್ಟಾದರೂ ಒಂದು ಮಾತನ್ನು ಮುಚ್ಚಿಡಲಾರೆ. ಎರಡು ವರ್ಷ ತುಂಬುವ ಹೊತ್ತಿಗೆ ಮಕ್ಕಳು ಸಾಮಾನ್ಯವಾಗಿ ‘ನೀರು ಕೊಡು’ ಎಂಬಂತೆ ಎರಡು ಪದ ಜೋಡಿಸುತ್ತಾರೆ. ತಮ್ಮ ಮೊಮ್ಮಗ ಇನ್ನೂ ಜೋಡಿಸುತ್ತಿಲ್ಲವಾದರೆ, ‘ಅವರಪ್ಪನೂ ತಡವಾಗಿಯೇ ಮಾತು ಕಲಿತ’ ಎಂದು ಸಮಾಧಾನಪಟ್ಟುಕೊಳ್ಳದೆ ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇದಕ್ಕಾಗಿ. ಹೋಗುವಾಗ ಅವನಾಡುವ ಪದಗಳನ್ನೆಲ್ಲ, ಕನ್ನಡದವನ್ನೂ ಇಂಗ್ಲಿಷಿನವನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ‘ಬುವ್ವ’, ‘ತಾಚಿ’ಗಳನ್ನೂ ಬಿಡಬೇಡಿ.

– ಸಂಪಾದಕ