ಇಲ್ಲಿ ಕರೆಯೋದಿಲ್ಲ, ಹೋಗಿ ನಿಲ್ಲಬೇಕು

ತಂಗೀ,

ನಿನ್ನ ಪ್ರಶ್ನೆ ಓದಿದೆ. ಯಜಮಾನರಿಗೆ ಡಿಚೋಲಿ ಹತ್ತಿರ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು, ದೀಪಾವಳಿ ಮುಗಿಸಿಕೊಂಡು ಗದಗದಿಂದ ಬಂದಿದ್ದೀರಿ. ಸಣ್ಣ ಮಗಳಿದ್ದಾಳೆ. ಬಾಜೂಮನೆಯವರು ನಕ್ಕು ಮಾತಾಡಿಸುತ್ತಾರೆ, ಆದರೆ ಇಲ್ಲಿವರೆಗೆ ಯಾರೂ ಯಾವುದಕ್ಕೂ ಕರೆದಿಲ್ಲ. ಹೋಳಿ, ಯುಗಾದಿ ಹತ್ತಿರ ಬಂದವು, ಗೋವೆಯ ಇಂಥ ಸಣ್ಣ ಊರುಗಳಲ್ಲಿ ಏನಾದರೂ ನಡೆಯುತ್ತದೋ, ಎಲ್ಲಾ ಪಣಜಿಯಲ್ಲೇನೋ ಅಂತ ಕೇಳಿದ್ದೀಯ. ನಾನು ಧಾರವಾಡದಿಂದ ಮದುವೆಯಾಗಿ ಫೋಂಡಾಕ್ಕೆ ಬಂದವಳು. ನನ್ನ ಮಕ್ಕಳು ಈಗ ತಮ್ಮತಮ್ಮಲ್ಲಿ ಕೊಂಕಣಿಯಲ್ಲೇ ಜಗಳಾಡುತ್ತವೆ. ಅಷ್ಟು ಹಳಬಳು ಅಂತ ತಿಳಿ.

ಕರೆಯಲಿಲ್ಲ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಮ್ಮ ಕಡೆ ಜಾತ್ರೆ ಅಂದರೆ ಬೀಗರಿಗೆ, ಕೊಟ್ಟ ಹೆಣ್ಣುಮಕ್ಕಳಿಗೆ ಮೊದಲೇ ಹೇಳಿ ಕಳಿಸಬೇಕು; ಹೇಳದಿದ್ದರೆ ಅದು ವರ್ಷಗಟ್ಟಲೆ ಮಾತಾಗುತ್ತದೆ. ಇಲ್ಲಿ ಹಾಗಲ್ಲ. ಪಾಲಖಿ ಯಾರು ಹೊರಬೇಕು, ಮೊದಲ ತೆಂಗಿನಕಾಯಿ ಯಾರದು ಅನ್ನುವುದೆಲ್ಲ ದೇವಸ್ಥಾನದ ಮಹಾಜನರ, ಊರ ಮನೆತನಗಳ ಹಕ್ಕು, ತಲೆತಲಾಂತರದಿಂದ ಹಂಚಿಹೋಗಿದೆ. ಉಳಿದವರಿಗೆ ತಿಥಿ ಗೊತ್ತಿರುತ್ತದೆ, ಬರುತ್ತಾರೆ, ನಿಲ್ಲುತ್ತಾರೆ. ಕರೆಯುವ ಪ್ರಶ್ನೆಯೇ ಇಲ್ಲ. ನೀನೂ ಹೋಗಿ ನಿಲ್ಲು. ಒಂದೆರಡು ಸಲ ಅದೇ ಮುಖ ಕಂಡರೆ ಯಾರೋ ಒಬ್ಬ ಕಾಕಿ ಸರಿದು ಜಾಗ ಕೊಡುತ್ತಾಳೆ, ಮಗಳ ಕೈಗೆ ಖಾಜೆ ಇಡುತ್ತಾಳೆ. ಕಡಲೆಹಿಟ್ಟಿನ ಕಡ್ಡಿಗೆ ಬೆಲ್ಲದ ಪಾಕ, ಶುಂಠಿ, ಎಳ್ಳು ಹತ್ತಿಸಿದ ತಿನಿಸು ಅದು. ಜಾತ್ರೆಗೆ ಹೋಗಿ ಖಾಜೆ ಕಟ್ಟಿಸಿಕೊಳ್ಳದೆ ಬಂದರೆ ಇಲ್ಲಿ ಯಾರೂ ನಂಬುವುದಿಲ್ಲ.

ಈಗ ಶಿಗ್ಮೋ. ನಮ್ಮ ಹೋಳಿಯೇ, ಆದರೆ ಕಾಮಣ್ಣನನ್ನು ಸುಟ್ಟು ಬಣ್ಣ ಆಡಿದರೆ ಮುಗಿಯಿತು ಅನ್ನುವಂಥದ್ದಲ್ಲ. ಬಾರ್ದೇಸ್, ತಿಸವಾಡಿ ಕಡೆ ಹುಣ್ಣಿಮೆಗೆ ಮೊದಲೇ ಶುರುವಾಗುವುದು ಸಣ್ಣ ಶಿಗ್ಮೋ. ಡಿಚೋಲಿ, ಸತ್ತರಿ, ಫೋಂಡಾ, ಪೆಡಣೆ ಸೀಮೆಯಲ್ಲಿ ಹುಣ್ಣಿಮೆಯಿಂದ ಮುಂದಕ್ಕೆ ನಡೆಯುವುದು ದೊಡ್ಡದು. ನಿನ್ನ ಮನೆ ದೊಡ್ಡದರ ಮಧ್ಯದಲ್ಲೇ ಇದೆ. ಇದರ ಜೊತೆ ಸರ್ಕಾರದ ಶಿಗ್ಮೋ ಬೇರೆ ಉಂಟು. ಪ್ರವಾಸೋದ್ಯಮ ಇಲಾಖೆ ಫೋಂಡಾ, ಮಡಗಾಂವ, ವಾಸ್ಕೊ, ಮ್ಹಾಪ್ಸಾ ಅಂತ ಊರೂರಿಗೆ ದಿನ ಗೊತ್ತುಮಾಡಿ ಮೆರವಣಿಗೆ ಇಡುತ್ತದೆ, ಗೆದ್ದವರಿಗೆ ಬಹುಮಾನ. ಒಮ್ಮೆ ನೋಡಲು ಚೆನ್ನ. ಆದರೆ ಸಂಜೆ ಅಂದದ್ದು ರಾತ್ರಿ ಆಗುತ್ತದೆ. ಮೆರವಣಿಗೆಯ ರಥದ ಮೇಲಿನ ರಾವಣನ ಹತ್ತು ತಲೆ ಬೀದಿಯ ವಾಯರಿಗೆ ಸಿಕ್ಕಿಕೊಂಡಿತು ಅಂದರೆ, ಯಾರೋ ಉದ್ದನೆಯ ಬಿದಿರು ತಂದು ವಾಯರು ಎತ್ತಿ ಹಿಡಿಯುವವರೆಗೆ ಹಿಂದಿನ ರಥಗಳೆಲ್ಲ ಧಡಧಡ ಜನರೇಟರ್ ಹಚ್ಚಿಕೊಂಡು ನಿಂತಿರಬೇಕು. ಮಗಳು ಅಷ್ಟೊತ್ತಿಗೆ ಹೆಗಲ ಮೇಲೆ ನಿದ್ದೆ.

ನನ್ನ ಕೇಳಿದರೆ ಹಳ್ಳಿಯ ಶಿಗ್ಮೋಗೆ ಹೋಗು. ನಿನ್ನ ತಾಲೂಕಿನಲ್ಲೇ ಘೋಡೆಮೋಡ್ಣಿ, ಅಂದರೆ ಕುದುರೆ ಕುಣಿತ, ಸಿಗುತ್ತದೆ. ಸೊಂಟಕ್ಕೆ ಬಿದಿರಿನ ಚೌಕಟ್ಟು, ಅದರ ಮುಂದೆ ಕಟ್ಟಿಗೆಯ ಕುದುರೆಮುಖ, ತಲೆಗೆ ಹೂ ಸುತ್ತಿದ ಮುಂಡಾಸು, ಕೈಯಲ್ಲಿ ಕತ್ತಿ. ಢೋಲು, ತಾಶೆ, ಕಾಸಾಳೆ ಶುರುವಾದವು ಅಂದರೆ ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ. ನಿನ್ನೆ ಬ್ಯಾಂಕಿನಲ್ಲಿ ನಿನ್ನ ಪಾಸ್‌ಬುಕ್ ಪ್ರಿಂಟ್ ಮಾಡಿಕೊಟ್ಟ ಮನುಷ್ಯನೇ ಆ ಕುದುರೆಯೊಳಗೆ ಬೆವೆತು ತೊಯ್ದು ಕುಣಿಯುತ್ತಿರುತ್ತಾನೆ. ತಾಶೆಯ ಸದ್ದು ನಮ್ಮ ಹಲಗಿಯ ಹಾಗೇ ಎದೆಗೆ ಬಡಿಯುತ್ತದೆ, ಹುಬ್ಬಳ್ಳಿಯ ರಂಗಪಂಚಮಿ ನೆನಪಾದರೆ ಆಶ್ಚರ್ಯವಿಲ್ಲ. ‘ಓಸ್ಸಯ್ ಓಸ್ಸಯ್’ ಅಂತ ಕೂಗುತ್ತಾರೆ, ಕೂಗು ನೀನೂ. ಸಾಂಖಳಿ, ಫೋಂಡಾ ಕಡೆ ವೀರಭದ್ರನ ಕುಣಿತವೂ ಇದೆ. ಪುರವಂತರನ್ನು ನೋಡಿ ಬೆಳೆದವರಿಗೆ ಅದು ಪರಕೀಯ ಅನಿಸುವುದಿಲ್ಲ. ಸಾಳ್ ಊರಿನ ಗಡ್ಯಾಂಚಿ ಜಾತ್ರೆ ಮಾತ್ರ ರಾತ್ರಿಯದು, ಮೈಮೇಲೆ ಬರುವಂಥದ್ದು. ಮಗಳನ್ನು ಅಲ್ಲಿಗೆ ಒಯ್ಯಬೇಡ.

ದಕ್ಷಿಣಕ್ಕೆ ಹೋಗುವ ಹುರುಪಿದ್ದರೆ, ಹೋಳಿಯಾಗಿ ಒಂದು ವಾರದ ಆಸುಪಾಸು ಜಾಂಬಾವಲಿಯಲ್ಲಿ ದಾಮೋದರನ ಗುಲಾಲು. ಅದು ಮಡಗಾಂವದಿಂದ ಹೋದ ದೇವರು, ಹಾಗಾಗಿ ಮಡಗಾಂವ ಆ ದಿನ ಅಲ್ಲಿರುತ್ತದೆ. ಹಳೆಯ ಸೀರೆ ಉಟ್ಟುಕೊ, ಗುಲಾಬಿ ಬಣ್ಣ ಹೋಗುವುದಿಲ್ಲ.

ಯುಗಾದಿ ದಿನವೇ ಇವರ ಪಾಡ್ವೊ, ಅದಕ್ಕೆ ಹೆಚ್ಚು ಹೇಳುವುದಿಲ್ಲ. ಬೇವು-ಬೆಲ್ಲ ಬಾಜೂಮನೆಗೂ ಕೊಡು, ಹೋಳಿಗೆ ಅಂತೂ ಕೊಟ್ಟೇ ಕೊಡು. ಕನ್ನಡ ಸಂಘಗಳು ವಾಸ್ಕೊ, ಮಡಗಾಂವ ಕಡೆ ಇವೆ. ಅವರ ಯುಗಾದಿ, ಬಸವ ಜಯಂತಿ ತಿಥಿಗೆ ಬರುವುದಿಲ್ಲ, ಹಾಲ್ ಸಿಕ್ಕ ಭಾನುವಾರಕ್ಕೆ ಬರುತ್ತವೆ. ಹೋಗು, ಮಗಳಿಗೆ ಕನ್ನಡ ಮಾತಾಡುವ ಗೆಳತಿಯರು ಸಿಗುತ್ತಾರೆ. ಶಾಲು ಹೊದಿಸುವ ಕಾರ್ಯಕ್ರಮ ಉದ್ದ ಇರುತ್ತದೆ, ಊಟದ ಹೊತ್ತು ನೋಡಿ ಹೊರಡು. ಆದರೆ ಬರೀ ಸಂಘಕ್ಕೇ ಅಂಟಿಕೊಂಡರೆ ಹತ್ತು ವರ್ಷ ಆದರೂ ಡಿಚೋಲಿಯ ಬಜಾರಿನಲ್ಲಿ ನೀನು ಹೊಸಬಳೇ. ಅಂಥವರನ್ನು ನೋಡಿದ್ದೇನೆ.

ಜಾತ್ರೆಗೆ ಕರೆಯದ ಈ ಜನ ಮನೆಗೆ ಮಾತ್ರ ಕರೆಯದೆ ಬರುವುದಿಲ್ಲ. ಅದಕ್ಕೆ ನೀನೇ ಕರೆ. ನಿಮ್ಮಲ್ಲಿ ಚೈತ್ರಗೌರಿ ಕೂಡಿಸುವ ರೂಢಿ ಇದ್ದರೆ ಪಾಡ್ವೊ ಆಗಿ ಮೂರನೇ ದಿನದಿಂದ ಅಕ್ಷಯ ತದಿಗೆವರೆಗೆ ಪೂರ್ತಿ ಒಂದು ತಿಂಗಳ ಅವಕಾಶ ಇದೆ. ರೂಢಿ ಇಲ್ಲದಿದ್ದರೆ ಯಾವುದಾದರೂ ಶುಕ್ರವಾರ ಅರಿಶಿನ-ಕುಂಕುಮ. ಮಾವಿನಕಾಯಿ ತುರಿದು ಹಾಕಿದ ಕಡಲೆಬೇಳೆ ಕೋಸಂಬರಿ, ಪಾನಕ, ಒಂದು ಮೊಳ ಮಲ್ಲಿಗೆ, ಸಾಕು. ಓಣಿಯ ಕ್ಯಾಥೊಲಿಕ್ ಹೆಂಗಸರಿಗೂ ಹೇಳು. ಕುಂಕುಮ ಬೇಡ ಅನ್ನುವವರು ಹೂವು, ಕೋಸಂಬರಿ ಸಂತೋಷದಿಂದ ತೊಗೊಳ್ಳುತ್ತಾರೆ, ಮತ್ತೆ ಕೇಕ್ ಕಳಿಸುತ್ತಾರೆ.

ಅವರ ಹಬ್ಬಕ್ಕೂ ಹೋಗಬೇಕು. ಈಸ್ಟರ್ ಕಳೆದು ಎರಡು ವಾರಕ್ಕೆ ಬರುವ ಸೋಮವಾರ ಮ್ಹಾಪ್ಸಾದಲ್ಲಿ ಮಿಲಾಗ್ರ್ ಸಾಯಬಿಣಿಯ, ಅಂದರೆ ಮೇರಿ ಮಾತೆಯ, ಫೆಸ್ತ್. ಹಿಂದೂಗಳೂ ಸಾಲಿನಲ್ಲಿ ನಿಂತು ಅವಳಿಗೆ ಎಣ್ಣೆ ಕೊಡುತ್ತಾರೆ. ಅವಳು ನಿನ್ನ ಡಿಚೋಲಿ ತಾಲೂಕಿನ ಶಿರಗಾಂವದ ಲಯರಾಯಿ ದೇವಿಯ ಅಕ್ಕತಂಗಿ ಅನ್ನುವುದು ಜನರ ನಂಬಿಕೆ. ಲಯರಾಯಿ ಜಾತ್ರೆ ವೈಶಾಖ ಶುದ್ಧ ಪಂಚಮಿಗೆ. ವ್ರತ ಹಿಡಿದ ಧೋಂಡರು ಕೊರಳಲ್ಲಿ ಮೊಗ್ರೆ ಮಾಲೆ, ಕೈಯಲ್ಲಿ ಬೆತ್ತ ಹಿಡಿದು ಕೆಂಡ ಹಾಯುತ್ತಾರೆ. ಬೆಳಗಾವಿ ಕಡೆಯಿಂದಲೂ ಬರುತ್ತಾರೆ. ಆದರೆ 2025ರ ಮೇ ತಿಂಗಳಲ್ಲಿ ಅದೇ ರಾತ್ರಿ ನೂಕುನುಗ್ಗಲಾಗಿ ಜನ ಸತ್ತರು. ಇಳಿಜಾರಿನ ಇಕ್ಕಟ್ಟಾದ ದಾರಿ ಅದು. ಕೂಸನ್ನು ಕಟ್ಟಿಕೊಂಡು ಕೆಂಡದ ರಾತ್ರಿ ಹೋಗಬೇಡ, ಹಗಲು ಹೋಗಿ ಕೈಮುಗಿದು ಬಾ.

ಇನ್ನೊಂದು, ಯಾರೂ ಹೇಳದ ಮಾತು. ಘಟ್ಟದ ಮೇಲಿನವರು ಅಂತ ‘ಘಾಟಿ’ ಅನ್ನುವ ಶಬ್ದ ಎಂದಾದರೂ ನಿನ್ನ ಕಿವಿಗೆ ಬೀಳುತ್ತದೆ. ಪ್ರೀತಿಯ ಶಬ್ದವಲ್ಲ. ಒಬ್ಬಿಬ್ಬರು ಅಂದರೆ ಊರೆಲ್ಲಾ ಅಂದಹಾಗೆ ಎಣಿಸಿ ಬಾಗಿಲು ಹಾಕಿಕೊಳ್ಳಬೇಡ, ಕೊಂಕಣಿಯಲ್ಲೇ ತಿರುಗಿ ಉತ್ತರ ಕೊಡುವಷ್ಟು ಬೇಗ ಕಲಿತುಬಿಡು. ಜಾತ್ರೆಯ ಮಾತಿನ ನಡುವೆ ಮಹದಾಯಿ ನೀರಿನ ವಿಷಯ ಬಂತೋ, ಗದಗಿನವಳಾದ ನೀನು ದೊಡ್ಡ ಖಾಜೆಯೊಂದನ್ನು ಬಾಯಿಗೆ ಹಾಕಿಕೊಂಡುಬಿಡು.

ಬಸ್ಸಿನ ಸಂಗತಿ: ಒಳ ಹಳ್ಳಿಗಳ ಬಸ್ಸು ಸಂಜೆ ಕತ್ತಲಾಗುತ್ತಲೇ ವಿರಳ, ಶಿಗ್ಮೋ ಬಿಡುವ ಹೊತ್ತಿಗೆ ಒಂದೂ ಇರುವುದಿಲ್ಲ. ಸ್ಕೂಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬಾಜೂಮನೆಯವರು ಯಾವಾಗ ಹೋಗುತ್ತಾರೆ ಅಂತ ಕೇಳು, ಜೊತೆಗೆ ಹೋದಹಾಗೂ ಆಯಿತು. ಫೋಂಡಾದ ಮೆರವಣಿಗೆಗೆ ಬಂದರೆ ನಮ್ಮನೆಯಲ್ಲೇ ಉಳಿಯಿರಿ. ಮೂವರಿಗೂ ಜೋಳದ ರೊಟ್ಟಿ ಬಡಿಯುತ್ತೇನೆ, ಬರುವಾಗ ಗದಗಿನಿಂದ ತಂದ ಶೇಂಗಾ ಚಟ್ನಿಪುಡಿ ಉಳಿದಿದ್ದರೆ ಸ್ವಲ್ಪ ತೊಗೊಂಡು ಬಾ.