ಗ್ಯಾರೇಜ್ ಮೇಷ್ಟ್ರು: ಬ್ರ್ಯಾಂಡ್ ಆಮೇಲೆ, ಮೊದಲು ಪ್ಲಗ್ಗಿನ ಉದ್ದ ನೋಡಿ

ಈ ಸಲದ ಪತ್ರಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರಿನವರದ್ದೇ ಹೆಚ್ಚು, ಅದರಲ್ಲೂ ಎಲ್ಲರದ್ದೂ ಎಂಜಿನ್ನಿನೊಳಗೆ ಪೆಟ್ರೋಲಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ಗಿನ ವಿಷಯವೇ. ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಪಾಠ ಹೇಳುತ್ತಿದ್ದಾಗ ನನಗೆ ತುಂಬ ಇಷ್ಟವಾದ ಪಾಠ ಇದು. ಹಾಗಾಗಿ ಮೊದಲ ಪತ್ರಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ನಮಸ್ಕಾರ ಮೇಷ್ಟ್ರೇ. ನಮ್ಮ ತಾತ ಚಿನ್ನದ ಗಣಿ ಆಫೀಸಿನಲ್ಲಿದ್ದವರು. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂದಾಗ ಊರಿಗೆ ಹೊರಟ ದೊರೆಯೊಬ್ಬರಿಂದ 1951ರ ಎಂಜಿ ಟಿಡಿ ಸ್ಪೋರ್ಟ್ಸ್ ಕಾರು ಕೊಂಡಿದ್ದರು. ಎಷ್ಟೋ ವರ್ಷ ಷೆಡ್ಡಿನಲ್ಲಿ ನಿಂತಿದ್ದ ಗಾಡಿಯನ್ನು ಈಗ ರಿಪೇರಿ ಮಾಡಿಸಿ ಓಡಿಸುತ್ತಿದ್ದೇನೆ. ಹೊಸ ಪ್ಲಗ್ ಹಾಕಿದ ಮೇಲೆ ಮಿಸ್ಸಿಂಗ್ ಶುರುವಾಗಿದೆ. ಬಿಸಿಯಾದ ಮೇಲೆ ಕೀ ಆಫ್ ಮಾಡಿದರೂ ಎಂಜಿನ್ ನಾಲ್ಕಾರು ಸಲ ತಿರುಗಿಯೇ ನಿಲ್ಲುವುದು. ಮೂರು ಪ್ಲಗ್ ಬಿಚ್ಚಿ ಫೋಟೋ ಕಳಿಸಿದ್ದೇನೆ. ನಾಲ್ಕನೆಯದು ಅರ್ಧ ಸುತ್ತು ಬಂದು ಹಿಡಿದುಕೊಂಡಿದೆ. ಅಂಗಡಿಯವರು ಇರಿಡಿಯಂ ಪ್ಲಗ್ ಹಾಕಿ, ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ. ಹಾಕಲೇ? — ರಾಬರ್ಟ್‌ಸನ್‌ಪೇಟೆಯ ಓದುಗರು

ಉತ್ತರ: ಬೇಡಪ್ಪ, ಇರಿಡಿಯಂ ತರಬೇಡಿ. ಗಾಡಿಯನ್ನೂ ಸದ್ಯಕ್ಕೆ ಸ್ಟಾರ್ಟ್ ಮಾಡಬೇಡಿ.

ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ಪಿಂಗಾಣಿಯ ಮೇಲೆ ಬಿಪಿ6ಇಎಸ್ ಅಂತ ಎನ್‌ಜಿಕೆ ಕಂಪನಿಯ ನಂಬರ್ ಇದೆ. ಅದು ಒಳ್ಳೆಯ ಪ್ಲಗ್ಗೇ, ಮೂಗಿನ, ಅಂದರೆ ಕಿಡಿ ಹಾರುವ ತುದಿಯ, ಬಣ್ಣವೂ ಅಂಥ ಕೆಟ್ಟದಾಗಿಲ್ಲ. ಆದರೆ ಥ್ರೆಡ್ ನೋಡಿ. ವಾಷರ್ ಕಡೆಯಿಂದ ಮೊದಲ ಹತ್ತು ಸುತ್ತು ಸ್ವಚ್ಛವಾಗಿವೆ, ಲೋಹದ ಹೊಳಪು ಹಾಗೇ ಇದೆ. ತುದಿಯ ಐದು ಸುತ್ತಿನಲ್ಲಿ ಮಾತ್ರ ಗಟ್ಟಿ ಕಾರ್ಬನ್ ಕೂತಿದೆ. ಮೂರೂ ಪ್ಲಗ್ಗಿನಲ್ಲಿ ಅದೇ ಐದು ಸುತ್ತು. ಈ ಥ್ರೆಡ್ಡಿನ ಒಂದು ಸುತ್ತಿಗೆ 1.25 ಮಿ.ಮೀ., ಐದಕ್ಕೆ ಆರು ಚಿಲ್ಲರೆ ಮಿ.ಮೀ. 19 ಮಿ.ಮೀ. ಉದ್ದದ ಪ್ಲಗ್ಗನ್ನು 12.7 ಮಿ.ಮೀ. ಆಳದ ಹೆಡ್ಡಿಗೆ (ಸಿಲಿಂಡರುಗಳ ಮೇಲೆ ಕೂರುವ, ಪ್ಲಗ್ ಹಾಕುವ ಮುಚ್ಚಳಕ್ಕೆ) ಹಾಕಿದರೆ ಒಳಗೆ ಚಾಚಿಕೊಳ್ಳುವುದು ಸರಿಯಾಗಿ ಅಷ್ಟೇ. ನಿಮ್ಮ ಹೆಡ್ಡಿಗೆ ಬೇಕಿರುವುದು ಗಿಡ್ಡ ಪ್ಲಗ್, ಹಾಕಿರುವುದು ಉದ್ದದ್ದು.

ಅಂಗಡಿಯವರನ್ನು ಪೂರ್ತಿ ದೂರುವ ಹಾಗಿಲ್ಲ. ಟಿಡಿಯ 1250 ಸಿಸಿ ಎಂಜಿನ್ನಿಗೆ ಎರಡು ಥರದ ಹೆಡ್ ಬಂದಿವೆ. ಮೊದಲಿನದರಲ್ಲಿ ನೀರಿನ ರಂಧ್ರಗಳು ಬಾಳೆಹಣ್ಣಿನ ಆಕಾರ, ಪ್ಲಗ್ ಅರ್ಧ ಇಂಚಿನದು. ಆಮೇಲಿನದರಲ್ಲಿ ರಂಧ್ರಗಳು ಗುಂಡಗೆ, ಪ್ಲಗ್ ಮುಕ್ಕಾಲು ಇಂಚಿನದು. ಎಪ್ಪತ್ತು ವರ್ಷದಲ್ಲಿ ಯಾರು ಯಾವ ಹೆಡ್ ಬದಲಿಸಿದ್ದಾರೋ ಹೇಳಲಾಗದು. ಆದ್ದರಿಂದ ಟಿಡಿ ಗಾಡಿಗಳಲ್ಲಿ ಇಸವಿ ನೋಡಿ ಪ್ಲಗ್ ಕೊಳ್ಳಬಾರದು, ಹೆಡ್ ಅಳೆದು ಕೊಳ್ಳಬೇಕು. ತೆಳು ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಪ್ಲಗ್ ತೂತಿಗೆ ಬಿಡಿ. ಥ್ರೆಡ್ ಮುಗಿಯುವ ಅಂಚಿಗೆ ಕೊಕ್ಕೆ ಸಿಕ್ಕಿಸಿ, ಮೇಲೆ ವಾಷರ್ ಕೂರುವ ಮಟ್ಟದಲ್ಲಿ ಉಗುರಿನಿಂದ ಗುರುತು ಹಿಡಿದು, ಹೊರತೆಗೆದು ಸ್ಕೇಲಿಗಿಟ್ಟು ನೋಡಿ. 13ರ ಹತ್ತಿರ ಬಂದರೆ ಗಿಡ್ಡ ಪ್ಲಗ್, 19ರ ಹತ್ತಿರ ಬಂದರೆ ಉದ್ದ. ನಾಲ್ಕು ತೂತೂ ಅಳೆಯಿರಿ.

ಒಳಗೆ ಚಾಚಿದ ಥ್ರೆಡ್ಡಿನ ಅಂಚು ಬೆಂಕಿಯಲ್ಲಿ ಕೆಂಪಗೆ ಕಾಯುತ್ತದೆ. ಕೀ ಆಫ್ ಮಾಡಿದ ಮೇಲೂ ಪೆಟ್ರೋಲಿಗೆ ಕಿಡಿ ಕೊಡುವುದು ಅದೇ. ನಿಮ್ಮ ಎಂಜಿನ್ ನಿಲ್ಲದೆ ತಿರುಗುವುದಕ್ಕೆ ಮೊದಲ ಅನುಮಾನ ಅಲ್ಲಿಗೇ ಹೋಗಬೇಕು. ಕೆಲವು ಎಂಜಿನ್ನುಗಳಲ್ಲಿ ಉದ್ದದ ಪ್ಲಗ್ ಪಿಸ್ಟನ್ನಿಗೋ ವಾಲ್ವಿಗೋ ತಗಲಿ ದೊಡ್ಡ ಖರ್ಚು ತರುತ್ತದೆ. ತಿರುಗುಮುರುಗಾದರೂ ತೊಂದರೆಯೇ. ಉದ್ದದ ಹೆಡ್ಡಿಗೆ ಗಿಡ್ಡ ಪ್ಲಗ್ ಹಾಕಿದರೆ ಕಿಡಿ ತೂತಿನೊಳಗೇ ಅಡಗಿ ಮಿಸ್ಸಿಂಗ್ ಬರುತ್ತದೆ. ಖಾಲಿ ಥ್ರೆಡ್ಡಿನಲ್ಲಿ ಕಾರ್ಬನ್ ತುಂಬಿಕೊಂಡು, ಮುಂದೆ ಸರಿಯಾದ ಪ್ಲಗ್ ತಂದರೂ ಪೂರ್ತಿ ಇಳಿಯುವುದಿಲ್ಲ.

ಈಗ ಆ ನಾಲ್ಕನೆಯದು. ಹೆಡ್ಡಿನ ಥ್ರೆಡ್ಡಿಗೆ ಕಾರ್ಬನ್ ಅಡ್ಡ ಬಂದು ಹಿಡಿದಿದೆ. ಪಾನಾಕ್ಕೆ ಪೈಪ್ ತೊಡಿಸಿ ಜಗ್ಗಿದಿರೋ, ಪ್ಲಗ್ಗಿನ ಜೊತೆ ಹೆಡ್ಡಿನ ಥ್ರೆಡ್ಡೂ ಕಿತ್ತುಕೊಂಡು ಬರುತ್ತದೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಸೈಕಲ್ ಪಂಪಿನಿಂದ ಸುತ್ತಲಿನ ಕೆಂಪು ದೂಳೆಲ್ಲ ಊದಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ಹಾಗೇ ಬಿಡಿ. ಬೆಳಿಗ್ಗೆ ಮೊದಲು ಬಿಗಿಯುವ ಕಡೆಗೇ ಕಾಲು ಸುತ್ತು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಗಟ್ಟಿ ಅನ್ನಿಸಿದ ತಕ್ಷಣ ನಿಲ್ಲಿಸಿ, ಮತ್ತೆ ಹಿಂದಕ್ಕೆ, ಮತ್ತೆ ಎಣ್ಣೆ. ಒಂದು ಗಂಟೆ ಹಿಡಿದರೂ ಹಿಡಿಯಲಿ. ಪುಡಿಯಾದ ಕಾರ್ಬನ್ ಸಿಲಿಂಡರಿಗೆ ಬೀಳುತ್ತದೆ. ಪ್ಲಗ್ ಬಂದ ಮೇಲೆ, ನಾಲ್ಕೂ ತೂತು ತೆರೆದಿರುವಾಗಲೇ, ಇಗ್ನಿಷನ್ ಆಫ್ ಇಟ್ಟು ಮುಂದಿನ ಹ್ಯಾಂಡಲ್ಲಿನಿಂದ ಎಂಜಿನ್ ತಿರುಗಿಸಿದರೆ ಸಾಕಷ್ಟು ಹೊರಗೆ ಬರುತ್ತದೆ. ಮುಖ ಹತ್ತಿರ ಇಡಬೇಡಿ.

ಅಳತೆ ಅರ್ಧ ಇಂಚೇ ಬಂದರೆ ಬಿಪಿ6ಎಚ್‌ಎಸ್ ಕೇಳಿ. ಬಿ ಅಂದರೆ 14 ಮಿ.ಮೀ. ದಪ್ಪದ ಥ್ರೆಡ್, ಪಿ ಅಂದರೆ ಮುಂದಕ್ಕೆ ಚಾಚಿದ ಮೂಗು, 6 ಶಾಖದ ಅಂಕಿ. ಎಚ್ ಬಂದರೆ 12.7 ಮಿ.ಮೀ. ಉದ್ದ, ಇ ಬಂದರೆ 19. ನಿಮಗೂ ಅಂಗಡಿಯವರಿಗೂ ನಡುವೆ ತಪ್ಪಿದ್ದು ಆ ಒಂದೇ ಅಕ್ಷರ. ಕೋಲಾರದಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಹಳೆಯ ಪ್ಲಗ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಹೊಸದನ್ನು ಪಕ್ಕದಲ್ಲಿಟ್ಟು ಕಣ್ಣಾರೆ ನೋಡಿ ತನ್ನಿ. ಡಬ್ಬಿಯಿಂದ ಬರುವಾಗ ಇರುವ ಗ್ಯಾಪ್, ಅಂದರೆ ಕಿಡಿ ಹಾರುವ ಎರಡು ಕಡ್ಡಿಗಳ ನಡುವಿನ ಸಂದಿ, ಕಾಂಟ್ಯಾಕ್ಟ್ ಪಾಯಿಂಟಿನಿಂದ ಕಿಡಿ ಹುಟ್ಟಿಸುವ ಆ ಕಾಲದ ಗಾಡಿಗೆ ಸಾಮಾನ್ಯವಾಗಿ ಹೆಚ್ಚೇ. ಫೀಲರ್ ಗೇಜ್ ಹಾಕಿ 0.5ರಿಂದ 0.6 ಮಿ.ಮೀ. ನಡುವೆ ಇಡಿ. ಬಗ್ಗಿಸುವುದು ಹೊರಗಿನ ಕಡ್ಡಿಯನ್ನು ಮಾತ್ರ, ನಡುವಿನದಕ್ಕೆ ಒತ್ತಡ ಬಿದ್ದರೆ ಪಿಂಗಾಣಿ ಸೀಳುತ್ತದೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳಬೇಕು. ಟಿಡಿ ಹುಟ್ಟಿನಲ್ಲಿ ಪಾಸಿಟಿವ್ ಅರ್ಥ್ ಗಾಡಿ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ. ರಿಪೇರಿ ಮಾಡಿದವರು ಎಷ್ಟೋ ಸಲ ಬ್ಯಾಟರಿ ತಿರುಗಿಸಿ ನೆಗೆಟಿವ್ ಅರ್ಥ್ ಮಾಡುತ್ತಾರೆ, ಪ್ಲಗ್ಗಿಗೆ ವೋಲ್ಟೇಜ್ ಕೊಡುವ ಕಾಯಿಲಿನ ಎರಡು ಸಣ್ಣ ವೈರು ಅದಲುಬದಲು ಮಾಡುವುದನ್ನು ಮರೆಯುತ್ತಾರೆ. ಆಗ ಪ್ಲಗ್ಗಿನಲ್ಲಿ ಕಿಡಿ ಉಲ್ಟಾ ಹಾರುತ್ತದೆ. ಕಿಡಿ ಯಾವಾಗಲೂ ಕಾದ ನಡುವಿನ ಕಡ್ಡಿಯಿಂದ ಹೊರಗಿನ ಕಡ್ಡಿಗೆ ಹಾರಬೇಕು. ಉಲ್ಟಾ ಆದರೆ ಹೆಚ್ಚು ವೋಲ್ಟೇಜ್ ಬೇಕಾಗಿ ಏರಿನಲ್ಲಿ ಮಿಸ್ಸಿಂಗ್ ಬರುತ್ತದೆ. ನಿಮ್ಮ ಗಾಡಿಯಲ್ಲಿ ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ನೋಡಿ. ನೆಗೆಟಿವ್ ಹೋಗಿದ್ದರೆ ಕಾಯಿಲಿನ ವೈರುಗಳನ್ನೂ ಬದಲಿಸಿದ್ದಾರಾ ಅಂತ ಆ ಮೆಕ್ಯಾನಿಕ್ಕನ್ನೇ ಕೇಳಿ.

ಪ್ರಶ್ನೆ: ಸರ್, ನನ್ನದು 1971ರ ಎಂಜಿಬಿ. ಭಾನುವಾರ ಬೆಳಿಗ್ಗೆ ಗೆಳೆಯರ ಜೊತೆ ನಂದಿಬೆಟ್ಟಕ್ಕೆ ಹೋಗುತ್ತೇನೆ. ಮೇಲೆ ಹೋಗುವಷ್ಟರಲ್ಲಿ ಎಂಜಿನ್ ಮುಗ್ಗರಿಸುತ್ತದೆ, ಪ್ಲಗ್ ಬಿಚ್ಚಿದರೆ ಮಸಿ. ಎತ್ತರಕ್ಕೆ ಹಾಗಾಗುತ್ತದೆ, 7ನೇ ನಂಬರಿನ ರೇಸಿಂಗ್ ಪ್ಲಗ್ ಹಾಕು ಅನ್ನುತ್ತಾರೆ ಗೆಳೆಯರು. — ಚಿಕ್ಕಬಳ್ಳಾಪುರದ ಓದುಗರು

ಉತ್ತರ: 7 ಹಾಕಿದರೆ ಮಸಿ ಇನ್ನೂ ಹೆಚ್ಚುತ್ತದೆ. ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಣ್ಣಗೆ. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಲೆಕ್ಕ ತಿರುಗುಮುರುಗು, ಅಲ್ಲಿ ಅಂಕಿ ಏರಿದರೆ ಬಿಸಿ. ನಾವೆಲ್ಲ ಮೈಕೋ ಪ್ಲಗ್ ಅಂತ ಕೇಳಿ ತರುತ್ತಿದ್ದದ್ದು ಇದೇ ಬಾಷ್‌ನದು. ಬೆಂಗಳೂರಿನ ಆ ಕಂಪನಿ 1951ರಲ್ಲಿ ಶುರುವಾಗಿದ್ದು, ಹೆಸರು ಬಾಷ್ ಆದದ್ದು 2008ರಲ್ಲಿ. ನಿಮ್ಮ ಗಾಡಿಗೆ ಬಿಪಿ6ಇಎಸ್ ಸರಿ. ಬಾಷ್‌ನಲ್ಲಿ ಡಬ್ಲ್ಯೂ7ಡಿಸಿ, ಚಾಂಪಿಯನ್‌ನಲ್ಲಿ ಎನ್9ವೈಸಿ ಇದಕ್ಕೆ ಸಮ. ಗ್ಯಾಪ್ 0.6ರಿಂದ 0.65 ಮಿ.ಮೀ.

ಪ್ಲಗ್ಗಿನ ಮೂಗು ಸುಮಾರು 450 ಡಿಗ್ರಿ ದಾಟಿದರೆ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 850ರ ಸುತ್ತಮುತ್ತ ಹೋದರೆ ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಸುತ್ತದೆ. ಈ ಎರಡರ ನಡುವೆ ಇರಬೇಕು. ರೇಸ್ ಟ್ರ್ಯಾಕಿನಲ್ಲಿ ಹೊತ್ತುಗಟ್ಟಲೆ ಫುಲ್ ಥ್ರಾಟಲ್ ಹೋಗುವವರಿಗೆ ತಣ್ಣನೆಯ ಪ್ಲಗ್ ಬೇಕು. ನೀವು ಹೋಗುವುದು ಭಾನುವಾರದ ನಂದಿ ರಸ್ತೆಯಲ್ಲಿ, ಮುಂದೆ ಸಾಲುಗಟ್ಟಿದ ಗಾಡಿಗಳ ಹಿಂದೆ, ಫಸ್ಟ್ ಗೇರಿನಲ್ಲಿ. ಅಲ್ಲಿ ಪ್ಲಗ್ ಕಾಯುವುದೇ ಇಲ್ಲ.

ಎತ್ತರದ ಮಾತಿನಲ್ಲಿ ಸ್ವಲ್ಪ ನಿಜವಿದೆ. ಮೇಲೆ ಗಾಳಿ ತೆಳು, ಕಾರ್ಬುರೇಟರ್ ಪೆಟ್ರೋಲನ್ನು ಅದೇ ಲೆಕ್ಕದಲ್ಲಿ ಕಡಿಮೆ ಮಾಡುವುದಿಲ್ಲ, ಮಿಕ್ಸ್ಚರ್ ರಿಚ್ ಆಗುತ್ತದೆ, ಅಂದರೆ ಗಾಳಿಗೆ ಪೆಟ್ರೋಲ್ ಹೆಚ್ಚಾಗುತ್ತದೆ. ಆದರೆ ಬೆಟ್ಟದ ತುದಿ 1,478 ಮೀಟರ್, ನಿಮ್ಮ ಊರೇ 900 ಮೀಟರಿನ ಮೇಲಿದೆ. ಅಷ್ಟು ವ್ಯತ್ಯಾಸಕ್ಕೆ ಸರಿಯಾಗಿ ಟ್ಯೂನ್ ಆದ ಎಂಜಿನ್ ಮುಗ್ಗರಿಸುವುದಿಲ್ಲ. ನಿಮ್ಮದು ಊರಿನಲ್ಲೇ ರಿಚ್ ಓಡುತ್ತಿದೆ, ಬೆಟ್ಟ ಅದನ್ನು ಎತ್ತಿ ತೋರಿಸುತ್ತಿದೆ ಅಂತ ನನ್ನ ಅಂದಾಜು.

ಮೊದಲು ಚೋಕ್ ನೋಡಿ. ನಿಮ್ಮ ಗಾಡಿಯ ಎರಡೂ ಎಸ್‌ಯು ಕಾರ್ಬುರೇಟರುಗಳಲ್ಲಿ ಚೋಕ್ ಎಳೆದರೆ ಪೆಟ್ರೋಲ್ ಬರುವ ಕೆಳಗಿನ ಜೆಟ್ಟೇ ಇಳಿಯುತ್ತದೆ. ಕೇಬಲ್ ಬಿಗಿಯಾಗಿದ್ದರೆ ನಾಬ್ ಒಳಗೆ ತಳ್ಳಿದರೂ ಎರಡರಲ್ಲಿ ಒಂದು ಜೆಟ್ ಪೂರ್ತಿ ಮೇಲೆ ಬರದೆ ಉಳಿಯಬಹುದು. ಕೈಯಿಂದ ಮೇಲಕ್ಕೆ ಒತ್ತಿ ನೋಡಿ, ಚೂರು ಸರಿದರೂ ಅದೇ ಕಾಯಿಲೆ. ಅದು ಸರಿ ಇದ್ದರೆ ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಐಡಲಿಂಗ್‌ನಲ್ಲಿ ಬಿಟ್ಟು, ಕಾರ್ಬುರೇಟರಿನ ಪಕ್ಕದ ಸಣ್ಣ ಪಿನ್ ಒತ್ತಿ ಅದರೊಳಗಿನ ಪಿಸ್ಟನ್ನನ್ನು ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ರಿಚ್. ತಕ್ಷಣ ಕುಸಿದು ನಿಲ್ಲುವ ಹಾಗಾದರೆ ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಕ್ಷಣ ಹೊತ್ತು ತುಸು ಏರಿ ಮತ್ತೆ ಮೊದಲಿನ ಜಾಗಕ್ಕೆ ಬಂದರೆ ಸರಿ. ರಿಚ್ ಇದ್ದರೆ ಜೆಟ್ಟಿನ ನಟ್ಟನ್ನು ಮೇಲಕ್ಕೆ ಹೋಗುವ ಕಡೆ ಒಂದೊಂದೇ ಮುಖ ತಿರುಗಿಸಿ ಮತ್ತೆ ಪರೀಕ್ಷಿಸಿ. ಎರಡೂ ಕಾರ್ಬುರೇಟರಿಗೆ ಬೇರೆಬೇರೆಯಾಗಿ ಮಾಡಬೇಕು. ಇದನ್ನು ನೀವೇ ಕಲಿಯಿರಿ, ತುಂಬ ಸೊಗಸಾದ ಕೆಲಸ.

ಆಮೇಲೆ ಹೊಸ ಪ್ಲಗ್ ಹಾಕಿ, ಬಾಗೇಪಲ್ಲಿ ಕಡೆಯ ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರ್ ಒಂದೇ ವೇಗದಲ್ಲಿ ಹೋಗಿ. ಹಿಂದೆ ಗಾಡಿಯಿಲ್ಲದ ಸರ್ವಿಸ್ ರಸ್ತೆಯಲ್ಲಿ ಇಗ್ನಿಷನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಪಕ್ಕಕ್ಕೆ ತಂದು ನಿಲ್ಲಿಸಿ. ಕೀ ಹೊರಗೆ ಎಳೆಯಬೇಡಿ, ಸ್ಟಿಯರಿಂಗ್ ಲಾಕ್ ಆದೀತು. ಎಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿದರೆ ನಿಜವಾದ ಬಣ್ಣ ಕಾಣುತ್ತದೆ. ಐಡಲಿಂಗ್‌ನಲ್ಲಿ ನಿಲ್ಲಿಸಿ ಬಿಚ್ಚಿದರೆ ಕಾಣುವುದು ಐಡಲಿಂಗ್ ಮಸಿ ಮಾತ್ರ. ತೆಳು ಕಂದು ಅಥವಾ ಬೂದು ಬಂದರೆ ನೆಮ್ಮದಿಯಾಗಿರಿ. ಸೀಸದ ಪೆಟ್ರೋಲ್ 2000ದಲ್ಲಿ ನಿಂತ ಮೇಲೆ ಹಳೆಯ ಪುಸ್ತಕಗಳು ಹೇಳುವ ಗಾಢ ಬಣ್ಣ ಬರುವುದಿಲ್ಲ, ಸ್ವಲ್ಪ ಪೇಲವ ಇದ್ದರೆ ಗಾಬರಿ ಬೇಡ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಮಿಕ್ಸ್ಚರ್ ಇನ್ನೂ ಲೀನ್ ಕಡೆ ವಾಲುತ್ತದೆ. ಸುಣ್ಣದಂತೆ ಬಿಳಿಯಾಗಿ ಮೇಲೆ ಸಣ್ಣ ಗುಳ್ಳೆ ಕಂಡರೆ ಮಾತ್ರ ಗಾಡಿ ನಿಲ್ಲಿಸಿ, ಟೈಮಿಂಗ್ ಮತ್ತು ಮಿಕ್ಸ್ಚರ್ ನೋಡಿಸಿ. ಮಸಿ ಒದ್ದೆಯಾಗಿ ಎಣ್ಣೆ ಜಿಡ್ಡಿದ್ದರೆ ಅದು ರಿಂಗ್ ಅಥವಾ ವಾಲ್ವ್ ಗೈಡಿನ ಸವಕಳಿ, ಯಾವ ಪ್ಲಗ್ಗೂ ಅದನ್ನು ವಾಸಿ ಮಾಡದು.

ಪ್ರಶ್ನೆ: ನನ್ನ ಹತ್ತಿರ ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಇದೆ. ಇದಕ್ಕೂ ಇರಿಡಿಯಂ ಬೇಡವೇ? ಪ್ಲಗ್ ಎಷ್ಟು ಬಿಗಿಯಬೇಕು? — ಗೌರಿಬಿದನೂರಿನ ಓದುಗರು

ಉತ್ತರ: ನಿಮ್ಮದು ರೆನೋ 1.2 ಲೀಟರ್ ಎಂಜಿನ್, ಎಲೆಕ್ಟ್ರಾನಿಕ್ ಇಗ್ನಿಷನ್. ಸರಿಯಾದ ಅಳತೆ ಮತ್ತು ಶಾಖದ ಅಂಕಿಯ ಇರಿಡಿಯಂ ಸಿಕ್ಕರೆ ಧಾರಾಳವಾಗಿ ಹಾಕಿ. ಅದರ ಲಾಭ ಬಾಳಿಕೆ. ವರ್ಷಕ್ಕೆ ಸಾವಿರ, ಎರಡು ಸಾವಿರ ಕಿಲೋಮೀಟರ್ ಓಡುವ ಗಾಡಿಗೆ ಆ ಬಾಳಿಕೆ ಉಪಯೋಗಕ್ಕೆ ಬರುವುದಿಲ್ಲ. ನಾನಾದರೆ ಮಾಮೂಲಿ ಪ್ಲಗ್ಗೇ ಹಾಕಿ ಉಳಿದ ದುಡ್ಡಿನಲ್ಲಿ ಒಳ್ಳೆಯ ಪ್ಲಗ್ ವೈರ್ ಕೊಳ್ಳುತ್ತೇನೆ.

ಬಿಗಿಯುವುದು ಮುಖ್ಯ, ಯಾಕೆಂದರೆ ನಿಮ್ಮ ಹೆಡ್ ಅಲ್ಯೂಮಿನಿಯಂ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮುಟ್ಟಿ. ಪ್ಲಗ್ಗಿಗೆ ರಬ್ಬರ್ ಕೊಳವೆ ತೊಡಿಸಿ ಬೆರಳಲ್ಲೇ ತಿರುಗಿಸಿ, ಥ್ರೆಡ್ ಅಡ್ಡ ಹಿಡಿದರೆ ಕೊಳವೆಯೇ ಜಾರುತ್ತದೆ, ಹೆಡ್ ಉಳಿಯುತ್ತದೆ. ಬೆರಳಿಗೆ ನಿಂತ ಮೇಲೆ ವಾಷರ್ ಇರುವ ಹೊಸ ಪ್ಲಗ್ಗಿಗೆ ಅರ್ಧ ಸುತ್ತಿನಿಂದ ಮೂರನೇ ಎರಡು ಸುತ್ತು. ವಾಷರ್ ಇಲ್ಲದೆ ಕೋನ್ ಥರ ಕೂರುವ ಪ್ಲಗ್ಗಾದರೆ ಒಂದು ಸುತ್ತಿನ ಹದಿನಾರನೇ ಒಂದು ಭಾಗ ಸಾಕು. ಈ ವ್ಯತ್ಯಾಸ ಗೊತ್ತಿಲ್ಲದೆ ಎರಡನೆಯದನ್ನು ಮೊದಲಿನದರಂತೆ ಬಿಗಿದು ಹಾಳು ಮಾಡಿಕೊಂಡ ಹೆಡ್‌ಗಳನ್ನು ನೋಡಿದ್ದೇನೆ. ಥ್ರೆಡ್ಡಿಗೆ ಗ್ರೀಸ್ ಬೇಡ. ಜಾರುವಿಕೆ ಹೆಚ್ಚಾಗಿ ನಿಮಗೆ ಗೊತ್ತಾಗದ ಹಾಗೆ ಮಿತಿಮೀರಿ ಬಿಗಿಯಾಗುತ್ತದೆ.

ಪ್ರಶ್ನೆ: ಹಳೆಯ ಪ್ಲಗ್ಗನ್ನು ವೈರ್ ಬ್ರಷ್‌ನಿಂದ ಉಜ್ಜಿ ಮತ್ತೆ ಹಾಕಬಹುದೇ? — ಮಾಲೂರಿನ ಓದುಗರು

ಉತ್ತರ: ಥ್ರೆಡ್ ಉಜ್ಜಿ, ಪಿಂಗಾಣಿ ಮುಟ್ಟಬೇಡಿ. ಬ್ರಷ್ಷಿನ ಲೋಹ ಪಿಂಗಾಣಿಗೆ ಗೆರೆಗೆರೆಯಾಗಿ ಮೆತ್ತಿಕೊಂಡು ಕರೆಂಟ್ ಅದರ ಮೇಲೇ ಹರಿದುಹೋಗುತ್ತದೆ, ಕಿಡಿ ಬರುವುದಿಲ್ಲ. ಮರಳು ಊದಿ ತೊಳೆಯುವ ಮೆಷಿನ್ನಿಗೂ ಕೊಡಬೇಡಿ, ಸಂದಿಯಲ್ಲಿ ಉಳಿದ ಒಂದು ಕಾಳು ಮರಳು ಸಿಲಿಂಡರಿಗೆ ಬಿದ್ದರೆ ಗೀರು ಬೀಳುತ್ತದೆ. ನಡುವಿನ ಕಡ್ಡಿಯ ಅಂಚು ಚೌಕವಾಗಿ ಉಳಿದಿದ್ದು ಬಣ್ಣ ಚೆನ್ನಾಗಿದ್ದರೆ ಗ್ಯಾಪ್ ಸರಿಮಾಡಿ, ಡಿಕ್ಕಿಯಲ್ಲಿ ಸ್ಪೇರ್ ಆಗಿ ಇಟ್ಟುಕೊಳ್ಳಿ. ಅಂಚು ಗುಂಡಗಾಗಿದ್ದರೆ ಬದಲಿಸಿ, ನಾಲ್ಕನ್ನೂ ಒಟ್ಟಿಗೆ.