ಓದುಗರ ಪ್ರಶ್ನೆ, ವಕೀಲರ ಉತ್ತರ: ಮೊದಲು ಹಿಂಬರಹ, ಆಮೇಲೆ ಕೋರ್ಟು

ಕೈಯಲ್ಲಿ ದುಡ್ಡಿಲ್ಲದವರು ಕೋರ್ಟಿಗೆ ಹೋಗುವುದು ಹೇಗೆ ಎಂದು ಕೇಳಿ ಈ ಸಲ ಬಹಳ ಕಾಗದಗಳು ಬಂದಿವೆ. ಉಚಿತ ಕಾನೂನು ನೆರವು ಮತ್ತು ಸಾರ್ವಜನಿಕ ಹಿತಾಸಕ್ತಿ (ಪಿಐಎಲ್) ಪ್ರಕರಣಗಳಲ್ಲಿ ಕೆಲಸ ಮಾಡುವ ವಕೀಲರು ಉತ್ತರ ಬರೆದಿದ್ದಾರೆ. ಓದುಗರ ಹೆಸರು, ಊರು ಎರಡನ್ನೂ ಬಿಟ್ಟಿದ್ದೇವೆ.

ಗಂಡ ಮನೆಯಿಂದ ಹೊರಗೆ ಹಾಕಿದ್ದಾನೆ. ಜೀವನಾಂಶಕ್ಕೆ ಕೇಸು ಹಾಕಬೇಕು. ಅವನ ಹೆಸರಲ್ಲಿ ಐದು ಎಕರೆ ಜಮೀನಿದೆ, ಹಾಗಾಗಿ ನಿನಗೆ ಉಚಿತ ವಕೀಲರು ಸಿಗುವುದಿಲ್ಲ ಎಂದು ಊರಿನವರೊಬ್ಬರು ಹೇಳಿದರು. ನಿಜವೇ?

ನಿಜವಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಜೀತಕ್ಕೋ ಮಾನವ ಸಾಗಣೆಗೋ ಸಿಕ್ಕಿಬಿದ್ದವರು, ನೆರೆ, ಬರ, ಭೂಕಂಪಕ್ಕೆ ತುತ್ತಾದವರು, ಇವರಿಗೂ ಹಾಗೆಯೇ. ಆದಾಯ ನೋಡುವುದು ಈ ಪಟ್ಟಿಗೆ ಸೇರದವರಿಗೆ ಮಾತ್ರ. ಅವರಿಗೂ ಆದಾಯದ ಬಗ್ಗೆ ಒಂದು ಅಫಿಡವಿಟ್ ಸಾಕೆಂದು ಒಪ್ಪಲು 13ನೇ ಕಲಮು ಅವಕಾಶ ಕೊಟ್ಟಿದೆ.

ನಿಮ್ಮ ತಾಲ್ಲೂಕಿನ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ. ಬಿಳಿ ಹಾಳೆಯ ಮೇಲೆ ಸಮಿತಿಯ ಅಧ್ಯಕ್ಷರಿಗೆ ಅರ್ಜಿ ಬರೆಯಿರಿ: ಮದುವೆಯಾದ ದಿನಾಂಕ, ಮನೆ ಬಿಟ್ಟ ದಿನಾಂಕ, ಮಕ್ಕಳ ವಯಸ್ಸು, ಗಂಡನ ವಿಳಾಸ, ಬೇಕಾದ ನೆರವು. ಬರೆಯಲು ಬಾರದಿದ್ದರೆ ಅಲ್ಲಿನ ಸಿಬ್ಬಂದಿಯೋ ಅರೆ ಕಾನೂನು ಸ್ವಯಂಸೇವಕರೋ ಬರೆದುಕೊಡುತ್ತಾರೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಅರ್ಜಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಬನ್ನಿ. ವಕೀಲರ ಶುಲ್ಕವಷ್ಟೇ ಅಲ್ಲ, ಕೋರ್ಟ್ ಶುಲ್ಕ, ಟೈಪಿಂಗ್, ನಕಲು ಪ್ರತಿ, ನೋಟಿಸ್ ಜಾರಿಯ ಖರ್ಚೂ ಈ ನೆರವಿನಲ್ಲಿ ಸೇರಿದೆ.

ಇನ್ನು ಆ ಐದು ಎಕರೆ. ಅದು ನಿಮಗೆ ಅಡ್ಡಿಯಲ್ಲ, ನಿಮ್ಮ ಕೈಯಲ್ಲಿರುವ ಸಾಕ್ಷ್ಯ. ಪಹಣಿ ತೆಗೆಸಿ ಇಟ್ಟುಕೊಳ್ಳಿ. ಗಂಡ ತನಗೆ ಏನೂ ಇಲ್ಲವೆಂದು ಆಸ್ತಿ ವಿವರದ ಅಫಿಡವಿಟ್‌ನಲ್ಲಿ ಬರೆದರೆ, ಬೆಳೆ ಕಾಲಮ್ಮಿನ ಸಮೇತ ಆ ಪಹಣಿಯೇ ಉತ್ತರ ಕೊಡುತ್ತದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ತಲುಪಿದ 60 ದಿನಗಳೊಳಗೆ ಆದಷ್ಟೂ ತೀರ್ಮಾನಿಸಬೇಕು ಎಂದು ಕಾನೂನಿದೆ. ಮೊದಲ ದಿನವೇ ಆ ಅರ್ಜಿಯನ್ನೂ ಹಾಕಲು ನಿಮ್ಮ ವಕೀಲರಿಗೆ ಹೇಳಿ.

ನನ್ನ ಅಕ್ಕ, ಭಾವ ಅರವತ್ತು ಸಾವಿರ ಮುಂಗಡ ಪಡೆದು ಇಟ್ಟಿಗೆ ಗೂಡಿಗೆ ಹೋದವರು ಎರಡು ವರ್ಷವಾದರೂ ಬಿಡಿಸಿಕೊಂಡಿಲ್ಲ. ಊರ ಜಾತ್ರೆಗೂ ಕಳಿಸಲಿಲ್ಲ. ಲೆಕ್ಕ ಕೇಳಿದರೆ ಸಾಲ ಹೆಚ್ಚಾಗಿದೆ ಅನ್ನುತ್ತಾರೆ. ಠಾಣೆಯಲ್ಲಿ "ತಗೊಂಡ ದುಡ್ಡು ಕೊಟ್ಟು ಕರ್ಕೊಂಡು ಹೋಗಿ" ಅಂದರು.

ದಯವಿಟ್ಟು ದುಡ್ಡು ಕೊಡಬೇಡಿ. ಇದು ಕೂಲಿಯ ತಕರಾರಲ್ಲ, ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಜೀತಕ್ಕೆ ಬೇಡಿ, ಬೀಗ ಬೇಕಿಲ್ಲ. ಮುಂಗಡ ಪಡೆದಿದ್ದು, ಅದರ ಬದಲಿಗೆ ಈ ನಾಲ್ಕರಲ್ಲಿ ಒಂದು ಕಳೆದುಕೊಂಡಿದ್ದರೂ ಸಾಕು: ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ, ಓಡಾಡುವ ಸ್ವಾತಂತ್ರ್ಯ, ಕನಿಷ್ಠ ಕೂಲಿ, ತನ್ನ ದುಡಿಮೆಯನ್ನು ಪೇಟೆ ಬೆಲೆಗೆ ಮಾರುವ ಹಕ್ಕು. ಜಾತ್ರೆಗೆ ಬಿಡಲಿಲ್ಲ ಅನ್ನುವುದೇ ಓಡಾಟದ ಸ್ವಾತಂತ್ರ್ಯ ಹೋಯಿತು ಎನ್ನುವುದಕ್ಕೆ ಸಾಕ್ಷ್ಯ. ಇಂಥ ಸಾಲ ಈ ಕಾಯ್ದೆಯಡಿ ರದ್ದು. ರದ್ದಾದ ಸಾಲವನ್ನು ವಾಪಸ್ ತೆಗೆದುಕೊಳ್ಳುವುದು 9ನೇ ಕಲಮಿನಡಿ ಅಪರಾಧ, 3 ವರ್ಷದವರೆಗೆ ಸಜೆ. ಅದು ಜೀತದ ಸಾಲವಲ್ಲ ಎಂದು ತೋರಿಸುವ ಭಾರ 15ನೇ ಕಲಮಿನಂತೆ ಮಾಲೀಕನದೇ ಹೊರತು ನಿಮ್ಮ ಅಕ್ಕನದಲ್ಲ.

ಅರ್ಜಿಯನ್ನು ಗೂಡು ಇರುವ ಉಪವಿಭಾಗದ ಎ.ಸಿ. (ಉಪವಿಭಾಗಾಧಿಕಾರಿ) ಅವರಿಗೆ ಕೊಡಿ, ಪ್ರತಿಗಳನ್ನು ಜಿಲ್ಲಾಧಿಕಾರಿಗೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ಕೊಡಿ. "ನಮ್ಮವರನ್ನು ಬಿಡಿಸಿ" ಎಂಬ ಒಂದು ಸಾಲಿನ ಅರ್ಜಿ ಟಪಾಲಿನಲ್ಲೇ ಸತ್ತುಹೋಗುತ್ತದೆ. ಗೂಡಿಗೆ ಹೋಗುವ ದಾರಿ, ಮುಂಗಡ ಕೊಟ್ಟ ಮೇಸ್ತ್ರಿ ಯಾರು, ಎಷ್ಟು, ಯಾವ ತಿಂಗಳು, ದಿನಕ್ಕೆ ಎಷ್ಟು ಸಾವಿರ ಇಟ್ಟಿಗೆ ಹೊಡೆಯುತ್ತಾರೆ, ವಾರಕ್ಕೆ ಖರ್ಚಿಗೆಂದು ಎಷ್ಟು ಕೊಡುತ್ತಾರೆ, ಕೆಲಸ ಎಷ್ಟು ಗಂಟೆಗೆ ಶುರುವಾಗಿ ಎಷ್ಟಕ್ಕೆ ಮುಗಿಯುತ್ತದೆ, ಜೊತೆಗಿರುವ ಮಕ್ಕಳು ಯಾರು, ಇಷ್ಟನ್ನೂ ಬರೆಯಿರಿ. ವಾರದ ಖರ್ಚಿನ ಹಣವನ್ನು ದಿನಕ್ಕೆ ಭಾಗಿಸಿದರೆ ಕನಿಷ್ಠ ಕೂಲಿಗಿಂತ ಎಷ್ಟು ಕಡಿಮೆ ಎಂದು ಗೊತ್ತಾಗುತ್ತದೆ. ಆ ಲೆಕ್ಕವನ್ನು ಅರ್ಜಿಯಲ್ಲೇ ಮಾಡಿ ತೋರಿಸಿ.

ಕೆಲಸ ಕೆಡುವುದು ಹೆಚ್ಚಾಗಿ ತನಿಖೆಯ ದಿನ. ಅಧಿಕಾರಿಗಳು ಮಾಲೀಕನ ಎದುರಿಗೇ, ಅವನ ಕಚೇರಿಯಲ್ಲೇ ಹೇಳಿಕೆ ತೆಗೆದುಕೊಂಡರೆ ದುಡಿಯುವವರು ಬಾಯಿ ಬಿಡುವುದಿಲ್ಲ. ಹೇಳಿಕೆಯನ್ನು ಬೇರೆ ಜಾಗದಲ್ಲಿ, ಹೆಂಗಸರದನ್ನು ಬೇರೆಯಾಗಿ, ಅವರ ಭಾಷೆಯಲ್ಲೇ ಪಡೆಯಬೇಕೆಂದು ಅರ್ಜಿಯಲ್ಲೇ ಕೇಳಿ. ಇನ್ನೊಂದು ಅಪಾಯ ರಾಜಿ. ಬಾಕಿ ಕೂಲಿ ಎಂದು ಒಂದಿಷ್ಟು ಕೊಡಿಸಿ ಬಸ್ ಹತ್ತಿಸಿಬಿಟ್ಟರೆ, ಕಾಗದದಲ್ಲಿ ಜೀತವೇ ಇರಲಿಲ್ಲ ಎಂದಾಗುತ್ತದೆ. ಸ್ಥಳ ಬಿಡುವ ಮೊದಲು ಎ.ಸಿ. ಸಹಿಯ ಬಿಡುಗಡೆ ಪತ್ರ ಕೈಗೆ ಬರಬೇಕು, ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ. ಭಾವನ ಹೆಸರಿನಲ್ಲಿ ಒಂದೇ ಪತ್ರ ಬರೆದರೆ ಒಪ್ಪಬೇಡಿ, ಏಕೆಂದರೆ ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆಯಂಥ ತೀರಾ ಘೋರ ಸಂದರ್ಭದಲ್ಲಿ 3 ಲಕ್ಷ ರೂಪಾಯಿ ಇದೆ. ಅಕ್ಕನೂ ಇಟ್ಟಿಗೆ ಹೊತ್ತಿದ್ದಾಳೆ, ಅವಳ ಹೆಸರಿಲ್ಲದ ಪತ್ರ ಅವಳ ಪಾಲನ್ನು ಅಳಿಸುತ್ತದೆ.

ತಕ್ಷಣದ ನೆರವು 30,000 ರೂಪಾಯಿವರೆಗೆ. ಅದಕ್ಕೆ ಮಾಲೀಕನಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ. ಇದಕ್ಕೆಂದೇ ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 10 ಲಕ್ಷದ ನಿಧಿ ಇಡಬೇಕೆಂದು ಯೋಜನೆ ಹೇಳುತ್ತದೆ. ಹಣವಿಲ್ಲ ಎಂದರೆ ಅದನ್ನೇ ಹಿಂಬರಹವಾಗಿ, ಅಂದರೆ ಅರ್ಜಿಗೆ ಕಚೇರಿಯ ಲಿಖಿತ ಉತ್ತರವಾಗಿ, ಬರೆದು ಕೊಡಲು ಕೇಳಿ. ಆ ಹಿಂಬರಹ ಹೈಕೋರ್ಟಿನಲ್ಲಿ ಬೆಲೆ ಬಾಳುತ್ತದೆ.

ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ದೌರ್ಜನ್ಯ ತಡೆ ಕಾಯ್ದೆಯನ್ನೂ ಹೆಸರಿಸಿ. ಅದರಲ್ಲಿ ಜೀತ ಮಾಡಿಸುವುದು ಪ್ರತ್ಯೇಕ ಅಪರಾಧ.

ಬೀದಿ ಬದಿಯಲ್ಲಿ ಹಣ್ಣು ಮಾರುತ್ತೇವೆ. ನೋಟಿಸ್ ಇಲ್ಲದೆ ಗಾಡಿ ಎತ್ತಿಕೊಂಡು ಹೋದರು. ನಲವತ್ತು ಜನ ಸೇರಿ ಪಿಐಎಲ್ ಹಾಕಬಹುದೇ?

ಪಿಐಎಲ್ ಬೇಡ. ನಿಮ್ಮ ಸ್ವಂತ ಹಕ್ಕಿಗೆ ಪೆಟ್ಟು ಬಿದ್ದಿದೆ, ಆದ್ದರಿಂದ ನೀವೇ ಅರ್ಜಿದಾರರಾಗಿ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕು. ಇದನ್ನು ಸಾರ್ವಜನಿಕ ಹಿತಾಸಕ್ತಿ ಎಂದು ಹಾಕಿದರೆ, ನೊಂದವರು ತಾವೇ ಬರಬಹುದಲ್ಲ ಎಂಬ ಮೊದಲ ಪ್ರಶ್ನೆಗೇ ನಿಂತುಹೋಗಬಹುದು.

ಅದಕ್ಕೂ ಮೊದಲು, ಇವತ್ತೇ ಮಾಡಬೇಕಾದ ಕೆಲಸ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ 19ನೇ ಕಲಮಿನಂತೆ ಸಾಮಾನು ಎತ್ತುವವರು ಸಹಿ ಮಾಡಿದ ಪಟ್ಟಿ ಕೊಡಬೇಕು. ನೀವು ಕೇಳಿದ ಮೇಲೆ, ನಿಗದಿತ ಶುಲ್ಕ ಕಟ್ಟಿಸಿಕೊಂಡು, ಹಣ್ಣು ತರಕಾರಿಯಂಥವನ್ನು ಅದೇ ದಿನ, ಗಾಡಿ ತಕ್ಕಡಿಯಂಥವನ್ನು ಎರಡು ಕೆಲಸದ ದಿನಗಳೊಳಗೆ ಮರಳಿಸಬೇಕು. ಅಂದರೆ ಗಡಿಯಾರ ಓಡುವುದು ನೀವು ಲಿಖಿತವಾಗಿ ಕೇಳಿದಾಗಿನಿಂದ. ಬಾಯಿಮಾತಿನಲ್ಲಿ ಕೇಳಿ ವಾರ ಕಳೆದರೆ ಯಾವ ದಾಖಲೆಯೂ ಉಳಿಯುವುದಿಲ್ಲ.

ಎತ್ತಂಗಡಿಗೆ ಮುಂಚೆ 30 ದಿನದ ನೋಟಿಸ್ ಬೇಕು (18ನೇ ಕಲಮು). ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಎಂದು 3ನೇ ಕಲಮು ಹೇಳುತ್ತದೆ. ನಿಮ್ಮ ಊರಿನ ಸಮೀಕ್ಷೆ ಯಾವಾಗ ಆಯಿತು, ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರು ಯಾರು, ಅದರಲ್ಲಿ ವ್ಯಾಪಾರಿಗಳು ಶೇ 40 ಇದ್ದಾರೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ.

ಅಲ್ಲೇ ವ್ಯಾಪಾರ ಮಾಡುತ್ತಿದ್ದಿರಿ ಎನ್ನಲು ಏನಿದೆ? ದಿನಾ ಕಟ್ಟಿದ ಜಕಾತಿ ಚೀಟಿಗಳನ್ನು ಎಸೆಯಬೇಡಿ. ತಿಂಗಳಿಗೊಂದು ಹಾಳೆಗೆ ಅಂಟಿಸಿ ಇಟ್ಟುಕೊಳ್ಳಿ. ಆ ಶಾಯಿ ಬೇಗ ಮಾಸುತ್ತದೆ, ಜೆರಾಕ್ಸ್ ತೆಗೆಸಿ. ಸ್ವನಿಧಿ ಸಾಲದ ಪತ್ರ, ಹಳೆಯ ದಂಡದ ರಸೀದಿ ಕೂಡ ಸಾಕ್ಷ್ಯವೇ.

ಬೆರಳಚ್ಚು ಹೊಂದುತ್ತಿಲ್ಲವೆಂದು ನಮ್ಮ ಕಾಲೋನಿಯ ಮುದುಕರಿಗೆ ಅಕ್ಕಿ ಕೊಡುತ್ತಿಲ್ಲ. ಮುಖ್ಯ ನ್ಯಾಯಮೂರ್ತಿಗಳಿಗೆ ಪೋಸ್ಟ್ ಕಾರ್ಡ್ ಬರೆದರೆ ಪಿಐಎಲ್ ಆಗುತ್ತದೆಯೇ?

ಆಗಬಹುದು. ಆದರೆ ಬರೆದ ಕಾಗದಗಳೆಲ್ಲ ಆಗುವುದಿಲ್ಲ. ಯಾವ ಬಗೆಯ ಕಾಗದಗಳನ್ನು ಪಿಐಎಲ್ ಆಗಿ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಮಾರ್ಗಸೂಚಿ ಮಾಡಿಕೊಂಡಿತು. ಜೀತ, ಕನಿಷ್ಠ ಕೂಲಿ, ಜೈಲಿನಿಂದ ಬಂದ ಅರ್ಜಿ ಅದರಲ್ಲಿವೆ. ಬಾಡಿಗೆದಾರರ ಜಗಳ, ನೌಕರಿಯ ತಕರಾರು ಇಲ್ಲ. ಕಾಗದವೊಂದು ದೊಡ್ಡ ಕೇಸಾದದ್ದಕ್ಕೆ ಎಲ್ಲರೂ ಹೇಳುವ ಉದಾಹರಣೆ ಫರೀದಾಬಾದಿನ ಕಲ್ಲು ಕ್ವಾರಿಗಳದು. 1982ರಲ್ಲಿ ಜೀತ ಬಿಡಿಸುವ ಸಂಘಟನೆಯಾದ ಬಂಧುವಾ ಮುಕ್ತಿ ಮೋರ್ಚಾ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಭಗವತಿಯವರಿಗೆ ಬರೆದ ಕಾಗದ ಅದು. ಬಹಳ ಜನ ಮರೆಯುವ ಸಂಗತಿ ಏನೆಂದರೆ, ಆ ಕಾಗದದ ಜೊತೆಗೆ ಕಾರ್ಮಿಕರ ಹೇಳಿಕೆಗಳಿದ್ದವು, ಸಹಿ ಹೆಬ್ಬೆಟ್ಟಿನ ಮೂಲ ಪ್ರತಿಗಳು. ಕೋರ್ಟ್ ಇಬ್ಬರು ವಕೀಲರನ್ನು ಕಮಿಷನರ್ ಮಾಡಿ ಕ್ವಾರಿಗೆ ಕಳಿಸಿದಾಗ ಅವರು ಯಾರನ್ನು ಹುಡುಕಬೇಕೆಂದು ಕಾಗದದಲ್ಲೇ ಇತ್ತು.

ನೀವೂ ಒಂದು ಪಟ್ಟಿ ಮಾಡಿ. ಕಾರ್ಡ್ ನಂಬರು, ಹೆಸರು, ವಯಸ್ಸು, ಯಾವ ತಿಂಗಳು ಎಷ್ಟು ಕೆ.ಜಿ. ಬರಬೇಕಿತ್ತು, ಎಷ್ಟು ಬಂತು, ಅಂಗಡಿಯವರು ಹೇಳಿದ ಕಾರಣ, ಹೆಬ್ಬೆಟ್ಟು. ಅಂತ್ಯೋದಯ ಕಾರ್ಡಾದರೆ ಆಹಾರ ಭದ್ರತಾ ಕಾಯ್ದೆಯಂತೆ ಮನೆಗೆ 35 ಕೆ.ಜಿ., ಆದ್ಯತಾ ಕಾರ್ಡಾದರೆ ತಲೆಗೆ 5 ಕೆ.ಜಿ. ಈ ಪಟ್ಟಿಯೊಡನೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಕೊಡಿ, ತೃಪ್ತಿಯಾಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ. ಧಾನ್ಯ ಕೊಡದ ತಿಂಗಳಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು 8ನೇ ಕಲಮು ಹೇಳುತ್ತದೆ. ಅದನ್ನು ಹೆಸರು ಹೇಳಿ ಕೇಳಿ.

ಇದೆಲ್ಲ ಕೋರ್ಟನ್ನು ತಪ್ಪಿಸಲಿಕ್ಕಲ್ಲ, ಕೋರ್ಟಿಗೆ ಹೋಗಲಿಕ್ಕೇ. ಅಧಿಕಾರಿಗೆ ಆದೇಶ ಕೊಡಿ ಎಂದು ಕೇಳಿದಾಗ ಹೈಕೋರ್ಟ್ ಮೊದಲು ನೋಡುವುದು, ನೀವು ಅವರನ್ನು ಕೇಳಿದ್ದಿರೇ, ಅವರು ಏನಂದರು ಎಂದು. ಕೇಳಿದ್ದಕ್ಕೆ ಮೊಹರಿನ ಪ್ರತಿ, ಇಲ್ಲವೆಂದದ್ದಕ್ಕೆ ಹಿಂಬರಹ. ಹಿಂಬರಹ ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಜ್ಞಾಪನ ಕಳಿಸಿ, ತಲುಪಿದ್ದಕ್ಕೆ ಸಿಗುವ ಪುರಾವೆಯನ್ನು ಜೋಪಾನ ಮಾಡಿ.

ಅರ್ಜಿಯಲ್ಲಿ ಕೇಳುವ ಪರಿಹಾರವನ್ನೂ ಅಳತೆಯಲ್ಲಿ ಬರೆಯಿರಿ. 2001ರ ನವೆಂಬರ್ 28ರಂದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹಾಕಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಾಲೆಯ ಬಿಸಿಯೂಟಕ್ಕೆ ಕೊಟ್ಟ ಆದೇಶ ನೋಡಿ: ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಪಾಲನೆಯಾಯಿತೋ ಇಲ್ಲವೋ ಎಂದು ಯಾವ ಹಳ್ಳಿಯ ತಾಯಿಯೂ ಹೇಳಬಲ್ಲಳು. "ಸೂಕ್ತ ಕ್ರಮ ಕೈಗೊಳ್ಳಿ" ಎಂಬ ಆದೇಶದಲ್ಲಿ ಆ ಬಲವಿಲ್ಲ.

ತಮ್ಮನಿಗೆ ಜಾಮೀನು ಸಿಕ್ಕಿ ತಿಂಗಳಾಯಿತು. ಪಹಣಿ ಇರುವ ಇಬ್ಬರು ಜಾಮೀನುದಾರರು ಬೇಕಂತೆ. ನಮಗೆ ಜಮೀನಿಲ್ಲ, ಯಾರೂ ಬರುತ್ತಿಲ್ಲ. ಇನ್ನೂ ಜೈಲಿನಲ್ಲೇ ಇದ್ದಾನೆ.

ಜಾಮೀನು ಆದೇಶ ತಂದ ಕೂಡಲೇ ಕೆಲಸ ಮುಗಿಯಿತೆಂದು ಕೆಲವು ವಕೀಲರು ಕಡತ ಮುಚ್ಚಿಬಿಡುತ್ತಾರೆ. ಬಡವರ ಮಟ್ಟಿಗೆ ಅರ್ಧ ಕೆಲಸ ಬಾಕಿ ಇರುವುದೇ ಆಗ. ಅದೇ ಕೋರ್ಟಿನಲ್ಲಿ ಷರತ್ತು ಸಡಿಲಿಸಲು ಅರ್ಜಿ ಹಾಕಿಸಿ. 2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನದಂತೆ, ಆದೇಶವಾದ 7 ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ತಿಂಗಳಾದರೂ ಭದ್ರತೆ ಕೊಡಲಾಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಬದಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರರೇ ಬೇಕೆಂಬ ಷರತ್ತು ಹಾಕದಿರುವುದು ಒಳ್ಳೆಯದು ಎಂದೂ ಅದರಲ್ಲಿದೆ. ಈ ದಿನಾಂಕವನ್ನು ಅರ್ಜಿಯಲ್ಲಿ ನಮೂದಿಸಿ. 1978ರ ಮೋತಿ ರಾಮ್ ತೀರ್ಪನ್ನೂ ಸೇರಿಸಿ. ಅದು ಗಾರೆ ಕೆಲಸದವನೊಬ್ಬನ ಕೇಸು. ಅವನಿಂದ ಕೇಳಿದ್ದ 10,000 ರೂಪಾಯಿಯ ಜಾಮೀನನ್ನು ತೆಗೆದು, ಸುಪ್ರೀಂ ಕೋರ್ಟ್ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಟ್ಟಿತು. ನಗದು ಭದ್ರತೆ ಕಟ್ಟಬೇಕಾಗಿ ಬಂದರೆ ಬಡ ಕೈದಿಗಳಿಗಾಗಿ ಇರುವ ಕೇಂದ್ರದ ಯೋಜನೆಯಲ್ಲಿ ವಿಚಾರಣಾಧೀನರಿಗೆ ನೆರವಿದೆ, ಅದನ್ನೂ ಪ್ರಾಧಿಕಾರದಲ್ಲೇ ವಿಚಾರಿಸಿ.

ನೇಮಿಸಿದ ಉಚಿತ ವಕೀಲರು ಖರ್ಚಿಗೆ ಐದು ಸಾವಿರ ಕೇಳುತ್ತಿದ್ದಾರೆ.

ಕೊಡಬೇಡಿ. ಪ್ಯಾನಲ್ ವಕೀಲರು, ಅಂದರೆ ಕಾನೂನು ನೆರವಿನ ಪಟ್ಟಿಯಲ್ಲಿರುವವರು, ಕಕ್ಷಿದಾರರಿಂದ ಏನನ್ನೂ ಪಡೆಯುವಂತಿಲ್ಲ. ದಿನಾಂಕ, ಕೇಳಿದ ಮೊತ್ತ ಬರೆದು ಸಮಿತಿಯ ಅಧ್ಯಕ್ಷರಿಗೆ ದೂರು ಕೊಟ್ಟು, ಬೇರೆ ವಕೀಲರನ್ನು ಕೇಳಿ. ಕೇಸಿನ ಮುಂದಿನ ದಿನಾಂಕವನ್ನು ಅರ್ಜಿಯಲ್ಲಿ ಕಾಣುವಂತೆ ಬರೆಯಿರಿ, ಬದಲಾವಣೆಯ ನಡುವೆ ಹಾಜರಿ ತಪ್ಪಬಾರದು.

ಈ ವರ್ಷ ಎಲ್ಎಲ್‌ಬಿ ಮುಗಿಯಿತು. ಬಡವರ ಪರ ವಕೀಲಿಕೆ ಮಾಡಬೇಕೆಂದಿದೆ. ಎಲ್ಲಿಂದ ಶುರು ಮಾಡಲಿ?

ನೋಂದಣಿಯಿಂದ. 2024ರ ಜುಲೈ 30ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಬಾರ್ ಕೌನ್ಸಿಲ್ ನೋಂದಣಿ ಶುಲ್ಕ ಸಾಮಾನ್ಯರಿಗೆ 750, ಪರಿಶಿಷ್ಟರಿಗೆ 125 ರೂಪಾಯಿ ಮೀರುವಂತಿಲ್ಲ. ಕಾನೂನು ನೆರವಿನ ಪ್ಯಾನಲ್ಲಿಗೆ ಮೂರು ವರ್ಷದ ಅನುಭವ ಬೇಕು. ಆ ಮೂರು ವರ್ಷ ಹಿರಿಯ ಪ್ಯಾನಲ್ ವಕೀಲರೊಬ್ಬರ ಬಳಿ ಸೇರಿಕೊಳ್ಳಿ. ಹೈಕೋರ್ಟಿಗೆ ಓಡುವ ಆತುರ ಬೇಡ. ಬಡವರ ಕೇಸುಗಳು ಹುಟ್ಟುವುದು ತಹಶೀಲ್ದಾರ್ ಕಚೇರಿ, ಎ.ಸಿ. ಕೋರ್ಟು, ಕಾರ್ಮಿಕ ಇಲಾಖೆಗಳಲ್ಲಿ. ಪಹಣಿಯ 9 ಮತ್ತು 11ನೇ ಕಾಲಮ್ಮು ಓದುವುದು, ಮ್ಯುಟೇಷನ್ (ಖಾತೆ ಬದಲಾವಣೆ) ಜಾಡು ಹಿಡಿಯುವುದು, ಕೂಲಿಯ ಲೆಕ್ಕ ಹಾಕುವುದು, ಹೆಬ್ಬೆಟ್ಟು ಒತ್ತುವವರಿಗೆ ಅಫಿಡವಿಟ್ಟನ್ನು ಓದಿ ಹೇಳಿ, ಹಾಗೆ ಓದಿ ಹೇಳಿದ್ದೇವೆಂದು ಕೆಳಗೆ ಬರೆಯುವುದು, ಇವನ್ನು ಮೊದಲ ವರ್ಷದಲ್ಲೇ ಕೈಗೆ ಹತ್ತಿಸಿಕೊಳ್ಳಿ. ಆ ಕೊನೆಯ ಸಾಲು ಬಿಟ್ಟುಹೋದ ಅಫಿಡವಿಟ್ಟುಗಳಿಗೆ ಕಚೇರಿ ಆಕ್ಷೇಪಣೆ ಬರುತ್ತದೆ. ಅದನ್ನು ಸರಿಪಡಿಸಲು ಕೂಲಿಯವರು ಇನ್ನೊಂದು ದಿನದ ಕೂಲಿ ಬಿಟ್ಟು ಊರಿಂದ ಬರಬೇಕಾಗುತ್ತದೆ.